ಶರಣರ ಮನೆಯೊಳಗೆ

ಪರಮಾರ್ಥವನ್ನು ಬಯಸುವವನು ಮನೆಯನ್ನು ಬಿಡಬೇಕೆಂಬ ಭಾವನೆ ನಮ್ಮ ದೇಶದಲ್ಲಿ ಬಹು ಪ್ರಾಚೀನವಾದುದು. ಕಾಡು, ಗುಹೆ, ನದೀತೀರ, ಮಠ ಇವು ಸಾಧನೆಯ ಸ್ಥಾನಗಳು. ಅಡಿಗೆಮನೆ, ತೊಟ್ಟಿಲು, ಕೊಟ್ಟಿಗೆಗಳು ಅದಕ್ಕೆ ಅಡ್ಡಿಗಳು ಎಂದು ಎಣಿಸುವುದು ರೂಢಿಯಾಗಿಹೋಗಿದೆ. ಹನ್ನೆರಡನೆಯ ಶತಮಾನದ ಶಿವಶರಣರು ಈ ಎಣಿಕೆಯನ್ನು ಒಪ್ಪಲಿಲ್ಲವೆಂಬುದು ವೇದಿಕೆಗಳ ಮೇಲೆ ಮೇಲಿಂದ ಮೇಲೆ ಕೇಳಿಬರುವ ಮಾತು. ಆದರೆ ಆ ಶರಣರ ಮನೆಯೊಳಗೆ ದಿನವು ಹೇಗೆ ಸಾಗುತ್ತಿದ್ದಿತು, ಮಕ್ಕಳನ್ನು ಯಾರು ನೋಡಿಕೊಳ್ಳುತ್ತಿದ್ದರು, ದಣಿದ ಜೀವಕ್ಕೆ ಸಂತೋಷವೆಂಬುದು ಎಲ್ಲಿಂದ ಒದಗುತ್ತಿದ್ದಿತು ಎಂಬುದನ್ನು ಚರಿತ್ರಕಾರರು ವಿಚಾರಿಸಿದ್ದು ಕಡಿಮೆ.

ಈ ಪ್ರಶ್ನೆಯನ್ನು ಎತ್ತಿದವರು ಪಂಡಿತರಲ್ಲ, ಶ್ರೀಮಠಕ್ಕೆ ಬಂದುಹೋಗುವ ತಾಯಂದಿರು. ನಸುಕಿನಲ್ಲಿ ಎದ್ದು, ಮಕ್ಕಳನ್ನು ಶಾಲೆಗೆ ಅಣಿಮಾಡಿ, ಅತ್ತೆಮಾವಂದಿರ ಆರೈಕೆ ಮುಗಿಸಿ, ಹೊಲಕ್ಕೋ ಕಚೇರಿಗೋ ಹೋಗಿ ಬರುವ ಹೆಣ್ಣುಮಗಳು, “ಲಿಂಗಪೂಜೆಗೆ ಹೊತ್ತೇ ಸಿಗುವುದಿಲ್ಲ ಬುದ್ಧಿ, ನಮಗೇನು ಗತಿ?” ಎಂದು ಕೇಳುತ್ತಾಳೆ. ಇಂಥವರಿಗೆ ಪ್ರವಚನಕಾರರು ಸಾಮಾನ್ಯವಾಗಿ ಅಕ್ಕಮಹಾದೇವಿಯವರ ದೃಷ್ಟಾಂತವನ್ನು ಹೇಳುವುದುಂಟು. ಅಕ್ಕನವರ ಮಹಿಮೆ ಅಪಾರವಾದುದು, ನಿಜ. ಆದರೆ ಅರಮನೆಯನ್ನೇ ತೊರೆದು ಹೋದವರ ದೃಷ್ಟಾಂತವು, ಮನೆಯನ್ನು ತೊರೆಯಲಾರದ, ತೊರೆಯಲೊಲ್ಲದ ತಾಯಿಗೆ ಎಷ್ಟರಮಟ್ಟಿಗೆ ಊರುಗೋಲಾದೀತು? ಕಲ್ಯಾಣದಲ್ಲಿ ಇಂಥ ತಾಯಂದಿರೂ ಇದ್ದರು. ಅವರ ಸಂಖ್ಯೆಯೇ ಹೆಚ್ಚಾಗಿದ್ದಿತು.

ಮೊದಲು ಗಮನಿಸಬೇಕಾದುದು ಇಷ್ಟಲಿಂಗದ ವಿಷಯ. ದೇವರು ಗುಡಿಯಲ್ಲಿದ್ದರೆ ಅವನ ಪೂಜೆಗೆ ಗುಡಿಗೆ ಹೋಗಬೇಕು, ಬಾಗಿಲು ತೆರೆಯುವ ವೇಳೆಗೆ ಕಾಯಬೇಕು, ಪೂಜಾರಿಯ ಕೈಯನ್ನು ನೋಡಬೇಕು. ಎಳೆಗೂಸನ್ನು ಕಂಕುಳಲ್ಲಿಟ್ಟುಕೊಂಡವಳಿಗೆ ಇವಾವುವೂ ಸುಲಭವಲ್ಲ. ದೇವರನ್ನು ಅವಳ ಕರಸ್ಥಲಕ್ಕೇ ತಂದುಕೊಟ್ಟದ್ದು ತತ್ತ್ವದ ದೃಷ್ಟಿಯಿಂದ ಎಷ್ಟು ದೊಡ್ಡ ಮಾತೋ, ಗೃಹಿಣಿಯ ದಿನಚರಿಯ ದೃಷ್ಟಿಯಿಂದಲೂ ಅಷ್ಟೇ ದೊಡ್ಡ ಮಾತು. ಒಲೆಯ ಮೇಲೆ ಎಸರು ಕುದಿಯುವ ಹೊತ್ತಿಗೆ, ಕೂಸು ಮಲಗಿದ ಅರೆಗಳಿಗೆಯಲ್ಲಿ ಆಕೆ ತನ್ನ ಲಿಂಗವನ್ನು ತಾನೇ ಪೂಜಿಸಬಹುದಾಯಿತು.

ಅದಕ್ಕಿಂತಲೂ ಮುಖ್ಯವಾದುದು ಪಂಚಸೂತಕಗಳ ನಿರಾಕರಣೆ. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳು ಲಿಂಗಧಾರಿಗೆ ಇಲ್ಲವೆಂದು ಶರಣರು ಸಾರಿದರು. ಇವುಗಳಲ್ಲಿ ಜಾತಿಸೂತಕದ ನಿರಾಕರಣೆಯನ್ನು ನಾವು ಬಹುವಾಗಿ ಕೊಂಡಾಡುತ್ತೇವೆ. ಆದರೆ ಜನನ ಮತ್ತು ರಜಸ್ಸಿನ ಸೂತಕಗಳು ಹೋದುದರಿಂದ ಯಾರ ಬಾಳು ಬದಲಾಯಿತೆಂಬುದನ್ನು ಯೋಚಿಸಿದವರು ವಿರಳ. ಪ್ರತಿ ತಿಂಗಳೂ ಹೊರಗೆ ಕೂರುವವಳು, ಹೆರಿಗೆಯಾದ ಮೇಲೆ ದಿನಗಟ್ಟಲೆ ದೇವರ ಹೆಸರನ್ನೂ ಎತ್ತಕೂಡದವಳು ಹೆಣ್ಣೇ ತಾನೆ? ಅವಳ ಆಯುಷ್ಯದ ಎಷ್ಟು ದಿನಗಳು ಪೂಜೆಗೆ ಅನರ್ಹವೆಂದು ಕಳೆದುಹೋಗುತ್ತಿದ್ದವೋ ಲೆಕ್ಕ ಹಾಕಿ ನೋಡಬೇಕು. ಶರಣರ ಮತದಲ್ಲಿ ಬಾಣಂತಿಯೂ ಲಿಂಗವಂತೆಯೇ. ಗರ್ಭಿಣಿಗೆ ಎಂಟನೆಯ ತಿಂಗಳಲ್ಲಿ, ಹೊಟ್ಟೆಯಲ್ಲಿರುವ ಶಿಶುವಿನ ಹೆಸರಿನಿಂದ ಲಿಂಗಧಾರಣೆ ಮಾಡಿಸುವ ಸಂಪ್ರದಾಯ ನಮ್ಮಲ್ಲಿದೆ. ಎಂದರೆ ಮಗು ಭೂಮಿಗೆ ಬರುವ ಮುಂಚೆಯೇ ಅದಕ್ಕೆ ದೇವರು ಇದ್ದಾನೆ. ತಾಯಿಯ ಒಡಲೇ ಅದರ ಮೊದಲ ಮಠ. ಇಷ್ಟಿದ್ದೂ ಲಿಂಗವಂತರ ಎಷ್ಟೋ ಮನೆಗಳಲ್ಲಿ ಇಂದಿಗೂ ಬಾಣಂತಿಯನ್ನು, ಮುಟ್ಟಾದವಳನ್ನು ದೂರವಿರಿಸುತ್ತಾರೆ. ಇದು ನೆರೆಹೊರೆಯಿಂದ ಕಲಿತದ್ದು, ಧರ್ಮದಿಂದ ಬಂದದ್ದಲ್ಲವೆಂದು ಇಲ್ಲಿಯೇ ಸ್ಪಷ್ಟವಾಗಿ ಹೇಳಬೇಕಾಗಿದೆ.

ಇನ್ನು ಆ ಮನೆಗಳೊಳಗೆ ಇದ್ದವರು ಯಾರೆಂದು ನೋಡೋಣ. ವಚನ ಸಂಕಲನಗಳಲ್ಲಿ ಹಲವು ಶರಣೆಯರ ಹೆಸರುಗಳು ಗಂಡನ ಹೆಸರಿನೊಡನೆ ಬರುತ್ತವೆ: ಗುಂಡಯ್ಯಗಳ ಪುಣ್ಯಸ್ತ್ರೀ ಕೇತಲದೇವಿ, ದಸರಯ್ಯಗಳ ಪುಣ್ಯಸ್ತ್ರೀ ವೀರಮ್ಮ, ಬಾಚಿಕಾಯಕದ ಬಸವಯ್ಯಗಳ ಪುಣ್ಯಸ್ತ್ರೀ ಕಾಳವ್ವೆ, ರಾಯಸದ ಮಂಚಣ್ಣಗಳ ಪುಣ್ಯಸ್ತ್ರೀ ರಾಯಮ್ಮ. ಅಂಕಿತಗಳಲ್ಲಿಯೂ ಹಾಗೆಯೇ. ಆಯ್ದಕ್ಕಿ ಮಾರಯ್ಯನ ಅಂಕಿತ ಅಮರೇಶ್ವರಲಿಂಗ. ಅವನ ಪತ್ನಿ ಲಕ್ಕಮ್ಮನದು ಮಾರಯ್ಯಪ್ರಿಯ ಅಮರೇಶ್ವರಲಿಂಗ. ಹಡಪದ ಅಪ್ಪಣ್ಣನ ಪತ್ನಿ ಲಿಂಗಮ್ಮ ಅಪ್ಪಣ್ಣಪ್ರಿಯ ಚೆನ್ನಬಸವಣ್ಣ ಎಂದು ಬರೆದಳು. ಜೇಡರ ದಾಸಿಮಯ್ಯನ ಪತ್ನಿ ದುಗ್ಗಳೆ ದಾಸಯ್ಯಪ್ರಿಯ ರಾಮನಾಥ ಎಂದಳು. ಇದನ್ನು ಕೆಲವರು ಹೆಣ್ಣಿನ ಅಧೀನತೆಯ ಕುರುಹೆಂದು ತಿಳಿಯುವರು. ನಮಗೆ ತೋರುವುದು ಬೇರೆ. ಗಂಡನು ಒಲಿದ ದೇವರನ್ನೇ ತನ್ನ ದೇವರೆಂದು ಆಕೆ ಕರೆದಳು. ಆದರೆ ವಚನವನ್ನು ತಾನೇ ನುಡಿದಳು. ಒಂದೇ ಮನೆಯಲ್ಲಿ ಇಬ್ಬರು ಕವಿಗಳು, ಇಬ್ಬರು ಅನುಭಾವಿಗಳು, ಅವರ ನಡುವೆ ಒಂದು ಒಲೆ. ನಮ್ಮ ಸಾಹಿತ್ಯಚರಿತ್ರೆಯಲ್ಲಿ ಇಂಥ ದಂಪತಿಗಳ ಸಮೂಹವು ಮತ್ತೊಮ್ಮೆ ಕಾಣಸಿಕ್ಕುವುದಿಲ್ಲ.

ಲಕ್ಕಮ್ಮನ ಮನೆಯನ್ನು ಸ್ವಲ್ಪ ಒಳಹೊಕ್ಕು ನೋಡಬಹುದು. ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ದಂಪತಿಗಳಿವರು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮ ಅದನ್ನು ಒಳಗೆ ತೆಗೆದುಕೊಳ್ಳಲಿಲ್ಲ; ನಮಗೆ ಬೇಕಾದುದು ಇಷ್ಟಲ್ಲ, ಮಿಕ್ಕುದನ್ನು ಅಲ್ಲಿಯೇ ಸುರಿದು ಬನ್ನಿ ಎಂದು ಹಿಂದಕ್ಕೆ ಕಳುಹಿಸಿದಳು. ಮತ್ತೊಂದು ಪ್ರಸಂಗದಲ್ಲಿ ಮಾರಯ್ಯ ಅನುಭಾವಗೋಷ್ಠಿಯಲ್ಲಿ ಮೈಮರೆತು ಕುಳಿತುಬಿಟ್ಟಾಗ, ಕಾಯಕ ನಿಂತುಹೋದುದನ್ನು ನೆನಪಿಸಿ ಅವನನ್ನು ಎಬ್ಬಿಸಿದವಳೂ ಅವಳೇ. ಗೃಹಸ್ಥಾಶ್ರಮದ ಪರಿಚಯವುಳ್ಳವರಿಗೆ ಈ ಎರಡು ಪ್ರಸಂಗಗಳು ಹೊಸತೇನೂ ಅಲ್ಲ. ಗಂಡಸು ಹೊರಗೆ ದೊಡ್ಡ ಮಾತುಗಳಲ್ಲಿ ಮುಳುಗಿರುತ್ತಾನೆ. ಇಂದಿನ ಅಡಿಗೆಗೆ ಎಷ್ಟು ಬೇಕು, ನಾಳೆಗೆ ಏನು ಎಂಬ ಲೆಕ್ಕವು ಹೆಂಗಸಿನ ತಲೆಯಲ್ಲಿರುತ್ತದೆ. ವಿಶೇಷವೆಂದರೆ, ಲಕ್ಕಮ್ಮನ ಈ ಅಡಿಗೆಮನೆಯ ಲೆಕ್ಕವನ್ನೇ ಶರಣರು ಧರ್ಮವೆಂದು ಗ್ರಹಿಸಿದರು. ಮನೆಯ ಯಜಮಾನಿಯಲ್ಲಿ ಅವರು ಗುರುವನ್ನು ಕಂಡರು.

ಮೋಳಿಗೆಯ ಮಾರಯ್ಯನ ಪತ್ನಿ ಮಹಾದೇವಿಯದೂ ಇದೇ ಬಗೆ. ಇವರು ಕಾಶ್ಮೀರದ ಅರಸುತನವನ್ನು ಬಿಟ್ಟು ಬಂದವರೆಂದು ಪುರಾಣಗಳು ಹೇಳುತ್ತವೆ. ಕಟ್ಟಿಗೆ ಹೊತ್ತು ಮಾರಿ ಬಂದುದರಲ್ಲಿ ಜಂಗಮಕ್ಕೆ ಅಂಬಲಿ ನೀಡುತ್ತಿದ್ದರು. ಬಯಲಾಗುವ ಹಂಬಲದಿಂದ ಮಾರಯ್ಯ ಮಾತನಾಡಿದಾಗ, ಐಕ್ಯವೆಂಬುದು ಬೇರೆಲ್ಲೋ ಇದೆಯೆಂದು ಬಗೆಯುವುದೇ ಭ್ರಮೆಯೆಂದು ತಿದ್ದಿದವಳು ಮಹಾದೇವಿ. ಇದ್ದ ಎಡೆಯಲ್ಲಿಯೇ ಆಗದುದು ಹೋದ ಎಡೆಯಲ್ಲಿ ಆಗುವುದೆಂತು ಎಂಬುದು ಅವಳ ನಿಲುವು. ರಾಜ್ಯವನ್ನೇ ಬಿಟ್ಟು ಬಂದವಳು ಗುಡಿಸಲನ್ನು ಬಿಡಲು ಒಪ್ಪಲಿಲ್ಲ.

ಹಾಗೆಂದು ಶರಣರ ಮನೆಗಳನ್ನು ಚಿತ್ರಪಟದಂತೆ ಅಂದಗೊಳಿಸಿ ತೋರಿಸುವುದೂ ಸರಿಯಲ್ಲ. ದಾಸೋಹವೆಂಬ ಶಬ್ದವನ್ನು ನಾವು ಭಕ್ತಿಯಿಂದ ಉಚ್ಚರಿಸುತ್ತೇವೆ. ಹೊತ್ತಿಲ್ಲದ ಹೊತ್ತಿನಲ್ಲಿ ಬಂದ ಜಂಗಮರಿಗೆ ಅಕ್ಕಿ ಕುಟ್ಟಿ, ರಾಗಿ ಬೀಸಿ, ನೀರು ಹೊತ್ತು, ಹೊಗೆಯಲ್ಲಿ ಕಣ್ಣು ಉರಿಸಿಕೊಂಡು ಬೇಯಿಸಿ ಬಡಿಸಿದ ಕೈಗಳು ಯಾರವು? ಮಹಾಮನೆಯ ಕೀರ್ತಿ ಬಸವಣ್ಣನವರದಾದರೆ, ಅದರ ದುಡಿಮೆ ಬಹುಮಟ್ಟಿಗೆ ಗಂಗಾಂಬಿಕೆ, ನೀಲಾಂಬಿಕೆಯವರದು, ಮತ್ತು ಹೆಸರು ಉಳಿಯದ ಅನೇಕರದು. ಸಂಸಾರವು ಗಾಳಿಗೊಡ್ಡಿದ ದೀಪದಂತೆ ಎಂದೂ, ಮುಖಕ್ಕೆ ಬಡಿಯುವ ತೆರೆಯಂತೆ ಎಂದೂ ಬಸವಣ್ಣನವರೇ ನೊಂದು ನುಡಿದದ್ದುಂಟು. ಮಂತ್ರಿಪದವಿ, ಶರಣಸಮೂಹ, ಮನೆ ಈ ಮೂರನ್ನೂ ಹೊತ್ತ ಪುರುಷನ ಬಾಯಿಂದ ಬಂದ ಮಾತುಗಳೆಂದು ಅವನ್ನು ಓದಿದರೆ ಅರ್ಥ ಇನ್ನೂ ಆಳವಾಗುತ್ತದೆ.

ಮಕ್ಕಳ ವಿಷಯಕ್ಕೆ ಬಂದಾಗ ನಮ್ಮ ಆಕರಗಳು ಮೌನವಾಗುತ್ತವೆ. ವಚನಗಳಲ್ಲಿ ಮಗು ಇಲ್ಲವೆಂದಲ್ಲ. ಉಪಮೆಯಾಗಿ ಬೇಕಾದಷ್ಟು ಸಲ ಬರುತ್ತದೆ. ಹಾವನ್ನೋ ಬೆಂಕಿಯನ್ನೋ ಮುಟ್ಟಹೋಗುವ ಕೂಸಿನ ಬೆನ್ನ ಹಿಂದೆಯೇ ಓಡುವ ತಾಯಿಯಂತೆ ದೇವರು ತನ್ನ ಬೆನ್ನು ಬಿಡದೆ ಬರುತ್ತಾನೆಂದು ಬಸವಣ್ಣನವರು ಹೇಳುವರು. ಅಂಬೆಗಾಲಿಡುವ ಮಗುವುಳ್ಳ ಮನೆಯನ್ನು ಕಣ್ಣಾರೆ ಕಂಡವರಲ್ಲದೆ ಬೇರೆಯವರು ಈ ಮಾತನ್ನು ಹೇಳಲಾರರು. ಆದರೆ ನಿಜವಾದ ಮಗು, ಹೆಸರುಳ್ಳ ಮಗು, ಜ್ವರ ಬಂದು ನರಳಿದ ಮಗು, ಹಟ ಹಿಡಿದ ಮಗು ವಚನಗಳಲ್ಲಿ ಅಪರೂಪ.

ಇದ್ದುದರಲ್ಲಿ ಎರಡು ಮೂರು ಎಳೆಗಳನ್ನು ಹಿಡಿಯಬಹುದು. ಹರಿಹರ ಕವಿಯ ಬಸವರಾಜದೇವರ ರಗಳೆಯ ಪ್ರಕಾರ ಬಸವಣ್ಣನವರು ಎಳವೆಯಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡು ಮುತ್ತವ್ವೆಯ ಆಸರೆಯಲ್ಲಿ ಬೆಳೆದರು. ಮುಂದಿನ ಪುರಾಣಗಳು ಹೇಳುವ ಕಥೆ ಬೇರೆ. ಅಲ್ಲಿ ತಂದೆ ಮಾದರಸನಿದ್ದಾನೆ, ಉಪನಯನವನ್ನು ಒಲ್ಲದ ಮಗನಿದ್ದಾನೆ, ತಂದೆ ಮಗನ ನಡುವೆ ಬಿರುಕು ಇದೆ. ಕಾಲದಿಂದ ಹತ್ತಿರದವನಾದ ಹರಿಹರನ ಮಾತಿಗೆ ನಾವು ಹೆಚ್ಚು ಬೆಲೆ ಕೊಡುತ್ತೇವೆ. ಅಂದಮೇಲೆ ಕಲ್ಯಾಣದ ಮಹಾಪುರುಷನನ್ನು ಸಾಕಿದವಳು ಒಬ್ಬ ಮುದುಕಿ. ಇನ್ನು ಅವಿರಳಜ್ಞಾನಿಯೆನಿಸಿದ ಚೆನ್ನಬಸವಣ್ಣನವರು ಅಕ್ಕನಾಗಮ್ಮನವರ ಮಗ. ಅವರು ಬೆಳೆದುದು ಸೋದರಮಾವನ ಮನೆಯಲ್ಲಿ, ದಾಸೋಹದ ಗದ್ದಲದ ನಡುವೆ, ತಾಯಿಯ ಕಣ್ಣಳತೆಯಲ್ಲಿ. ತಂದೆಯಿಲ್ಲದ, ಅಥವಾ ತಂದೆ ಹಿನ್ನೆಲೆಗೆ ಸರಿದ ಮನೆಗಳಿಂದಲೇ ಧರ್ಮದ ಇಬ್ಬರು ಆಧಾರಪುರುಷರು ಬಂದರು. ಒಬ್ಬಂಟಿಯಾಗಿ ಮಕ್ಕಳನ್ನು ಬೆಳೆಸುವ ತಾಯಂದಿರನ್ನೂ ಅಜ್ಜಿಯರನ್ನೂ ಕನಿಕರದಿಂದ ಮಾತ್ರ ನೋಡುವ ಬಂಧುಗಳು ಇದನ್ನು ನೆನೆಯಬೇಕು.

ಕಲ್ಯಾಣದ ವಿಪ್ಲವವನ್ನು ರಾಜಕೀಯ ಘಟನೆಯೆಂದು ಓದುವುದು ವಾಡಿಕೆ. ಅದರ ಮೂಲದಲ್ಲಿದ್ದುದು ಮಕ್ಕಳ ಮದುವೆ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣನಾಗಿದ್ದ ಮಧುವರಸನ ಮಗಳಿಗೂ ನಡೆದ ವಿವಾಹವನ್ನು ವರ್ಣಸಂಕರವೆಂದು ಬಗೆದು, ಇಬ್ಬರು ತಂದೆಯರಿಗೂ ಘೋರಶಿಕ್ಷೆ ವಿಧಿಸಲಾಯಿತೆಂದು ಪುರಾಣಗಳು ನಿರೂಪಿಸುತ್ತವೆ. ತಾವು ನಂಬಿದ ತತ್ತ್ವವನ್ನು ಮಕ್ಕಳ ಬಾಳಿನಲ್ಲಿ ಆಚರಿಸಹೊರಟ ಹೆತ್ತವರ ಕಥೆಯಿದು. ತಾನು ಸಮಾನತೆಯನ್ನು ಒಪ್ಪುವುದು ಬೇರೆ, ಮಗಳನ್ನು ಕೊಡುವಾಗ ಒಪ್ಪುವುದು ಬೇರೆ. ಈ ಎರಡರ ನಡುವಣ ಅಂತರವನ್ನು ನಮ್ಮ ಇಂದಿನ ಸಮಾಜದಲ್ಲಿ ಯಾರೂ ಹುಡುಕಿಕೊಂಡು ಹೋಗಬೇಕಾಗಿಲ್ಲ. ಮುಂದೆ 1167ರ ಸುಮಾರಿಗೆ ಬಿಜ್ಜಳನ ಕೊಲೆಯಾಯಿತು, ಶರಣರು ಚದುರಿದರು. ಒಂದೇ ಮನೆಯವರು ಎಲ್ಲೆಲ್ಲಿ ಹೋಗಿ ಬಿದ್ದರೆಂಬುದನ್ನು ಭೂಪಟದ ಮೇಲೆ ಗುರುತಿಸಿದರೆ ಮನಸ್ಸು ಭಾರವಾಗುತ್ತದೆ. ಬಸವಣ್ಣನವರು ಕೂಡಲಸಂಗಮದಲ್ಲಿ, ನೀಲಾಂಬಿಕೆಯವರು ಕೃಷ್ಣಾತೀರದ ತಂಗಡಗಿಯಲ್ಲಿ, ಗಂಗಾಂಬಿಕೆಯವರು ಮಲಪ್ರಭೆಯ ದಡದ ಹುಬ್ಬಳ್ಳಿಯಲ್ಲಿ, ಚೆನ್ನಬಸವಣ್ಣನವರು ಕಾಡಿನ ನಡುವಿನ ಉಳವಿಯಲ್ಲಿ ಐಕ್ಯರಾದರೆಂದು ಪರಂಪರೆ ಹೇಳುತ್ತದೆ. ಈ ಹುಬ್ಬಳ್ಳಿಯೆಂದರೆ ಬೆಳಗಾವಿ ಜಿಲ್ಲೆಯ ಎಂ. ಕೆ. ಹುಬ್ಬಳ್ಳಿ.

ಮಕ್ಕಳ ಬಗೆಗಿನ ಮೌನಕ್ಕೆ ಕಾರಣವೇನು? ವಚನಗಳು ನಮ್ಮ ಕೈಗೆ ಬಂದ ಬಗೆಯನ್ನು ನೋಡಿದರೆ ಸ್ವಲ್ಪ ತಿಳಿಯುತ್ತದೆ. ಅವು ಸಂಕಲನಗೊಂಡು ಸ್ಥಲಕಟ್ಟಿಗೆ ಒಳಪಟ್ಟದ್ದು ಬಹುಮಟ್ಟಿಗೆ ಹದಿನೈದನೆಯ ಶತಮಾನದಲ್ಲಿ ಮತ್ತು ಆನಂತರ. ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ, ಎಂದರೆ 1424ರಿಂದ 1446ರವರೆಗೆ, ಲಕ್ಕಣ್ಣ ದಂಡೇಶ, ಜಕ್ಕಣಾರ್ಯರಂಥ ಅಧಿಕಾರಿಗಳ ಪ್ರೋತ್ಸಾಹದಿಂದ ಧರ್ಮಗ್ರಂಥಗಳ ರಚನೆಯಾಯಿತು. ನೂರೊಂದು ವಿರಕ್ತರೆಂದು ಪ್ರಸಿದ್ಧವಾದ ತ್ಯಾಗಿಗಳ ಸಮೂಹ ಈ ಕಾರ್ಯದ ಬೆನ್ನೆಲುಬಾಗಿದ್ದಿತು. ಶಿವಗಣಪ್ರಸಾದಿ ಮಹಾದೇವಯ್ಯ ಶೂನ್ಯಸಂಪಾದನೆಯನ್ನು ರಚಿಸಿದನು. ಈ ಮಹನೀಯರು ಇಲ್ಲದಿದ್ದರೆ ವಚನಗಳು ಇಂದು ನಮಗೆ ದಕ್ಕುತ್ತಲೇ ಇರಲಿಲ್ಲ. ಆ ಋಣವನ್ನು ತೀರಿಸಲಾಗದು. ಆದರೆ ಬಹುಪಾಲು ಸಂಕಲನಕಾರರು ಮನೆಯನ್ನು ತೊರೆದವರು. ಅವರಿಗೆ ಬೇಕಾಗಿದ್ದುದು ಷಟ್ಸ್ಥಲದ ಮೆಟ್ಟಿಲುಗಳಿಗೆ ಹೊಂದುವ ನುಡಿ. ಮಗುವಿನ ಕೆಮ್ಮು, ಎದೆಹಾಲಿನ ಕೊರತೆ, ಬೆಳೆದ ಮಗನ ಮೊಂಡುತನ ಇವುಗಳಿಗೆ ಯಾವ ಸ್ಥಲದಲ್ಲಿ ಎಡೆ? ಇಂಥ ವಚನಗಳು ಹುಟ್ಟಿಯೂ ಆಯ್ಕೆಯಲ್ಲಿ ಬಿಟ್ಟುಹೋಗಿರಬಹುದೆಂದು ನಮ್ಮ ಊಹೆ. ನಾವೂ ಅದೇ ವಿರಕ್ತಪೀಠದ ಪರಂಪರೆಗೆ ಸೇರಿದವರಾದುದರಿಂದ ಈ ಮಾತನ್ನು ಹೇಳುವ ಹೊಣೆ ನಮ್ಮ ಮೇಲೆ ಹೆಚ್ಚಾಗಿದೆ.

ವಿರಕ್ತರಿಗೆ ಅನ್ಯಾಯವಾಗಬಾರದು. ಶೂನ್ಯಸಂಪಾದನೆಯಲ್ಲಿಯೇ ಆಯ್ದಕ್ಕಿ ಮಾರಯ್ಯ, ಮೋಳಿಗೆಯ ಮಾರಯ್ಯ ಇವರಿಗೆ ಪ್ರತ್ಯೇಕ ಪ್ರಕರಣಗಳಿವೆ; ಮನೆಯಿಲ್ಲದ ಅಲ್ಲಮಪ್ರಭುವಿನ ಚರಿತೆಯಲ್ಲಿ ಹೆಂಡತಿಯು ಗಂಡನಿಗೆ ಬೋಧಿಸುವ ಸನ್ನಿವೇಶಗಳಿಗೆ ಗೌರವದ ಸ್ಥಾನ ದೊರೆತಿದೆ. ತೊರೆದವರು ತೊರೆಯದವರನ್ನು ಕಡೆಗಣಿಸಲಿಲ್ಲ. ತೊಟ್ಟಿಲು ಮಾತ್ರ ಅವರ ಕಣ್ಣಿಗೆ ಬೀಳಲಿಲ್ಲ.

ತೊಟ್ಟಿಲು ಕಾಣುವುದು ಪುರಾಣಗಳಲ್ಲಿ. ಹದಿಮೂರನೆಯ ಶತಮಾನದ ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲಿಯೂ, ಅದನ್ನು ಆಧರಿಸಿ ಭೀಮಕವಿ 1369ರಲ್ಲಿ ರಚಿಸಿದ ಕನ್ನಡ ಬಸವಪುರಾಣದಲ್ಲಿಯೂ ಬೆಜ್ಜಮಹಾದೇವಿಯ ಕಥೆ ಬರುತ್ತದೆ. ಎಲ್ಲರಿಗೂ ತಾಯಿಯುಂಟು, ಶಿವನಿಗೆ ಮಾತ್ರ ತಾಯಿಯಿಲ್ಲವೆಂದು ಮರುಗಿದ ಭಕ್ತೆ ಆಕೆ. ತಾಯಿಯಿದ್ದಿದ್ದರೆ ಅವನು ವಿಷವನ್ನು ಕುಡಿಯುತ್ತಿದ್ದನೇ, ಮೈಗೆ ಬೂದಿ ಬಳಿದುಕೊಂಡು ಸುಡುಗಾಡಿನಲ್ಲಿ ಅಲೆಯುತ್ತಿದ್ದನೇ ಎಂಬುದು ಆಕೆಯ ಅಳಲು. ಆದುದರಿಂದ ತಾನೇ ತಾಯಿಯಾಗಿ ಲಿಂಗವನ್ನು ಎಳೆಗೂಸಿನಂತೆ ಸಾಕತೊಡಗಿದಳು. ಎಣ್ಣೆ ತೀಡಿ, ಹದವಾದ ಬಿಸಿನೀರು ಎರೆದು, ಕಣ್ಣಿಗೆ ಕಾಡಿಗೆಯಿಟ್ಟು, ಹಾಲೂಡಿಸಿ, ಮಡಿಲಲ್ಲಿ ಮಲಗಿಸುವುದು ಅವಳ ನಿತ್ಯದ ಪೂಜೆ. ಒಮ್ಮೆ ಶಿವನು ಅವಳನ್ನು ಪರೀಕ್ಷಿಸಲೆಂದು ಬೇನೆ ಬಂದವನಂತೆ ನಟಿಸಿ ಹಾಲು ಕುಡಿಯದಾದನು. ತಾಯಿಯ ಜೀವ ಹಾರಿಹೋಯಿತು. ಕೂಸಿಗೆ ಏನಾಯಿತೋ, ಏನು ಮಾಡಲೋ ಎಂದು ತಳಮಳಿಸಿ, ಕೊನೆಗೆ ತನ್ನ ಪ್ರಾಣವನ್ನೇ ಬಿಡಲು ಮುಂದಾದಾಗ ಶಿವನು ಪ್ರತ್ಯಕ್ಷನಾದನು.

ಈ ಕಥೆಯನ್ನು ಭಕ್ತಿಯ ಪರಾಕಾಷ್ಠೆಯೆಂದು ಹೇಳಿ ಮುಂದೆ ಹೋಗುವವರೇ ಹೆಚ್ಚು. ಚರಿತ್ರಕಾರನಿಗೆ ಇದು ಅಮೂಲ್ಯವಾದ ದಾಖಲೆ. ಅಂದಿನ ತಾಯಂದಿರು ಕೂಸನ್ನು ಹೇಗೆ ಎರೆಯುತ್ತಿದ್ದರು, ಹಾಲು ಕುಡಿಯದ ಕೂಸನ್ನು ಕಂಡು ಹೇಗೆ ಬೆದರುತ್ತಿದ್ದರು ಎಂಬುದು ಇಲ್ಲಿ ಅಚ್ಚೊತ್ತಿದಂತೆ ಉಳಿದಿದೆ. ಕವಿಯು ಇದನ್ನು ಯಾವ ಶಾಸ್ತ್ರದಿಂದಲೂ ತೆಗೆದುಕೊಂಡಿಲ್ಲ. ಯಾವುದೋ ಬಚ್ಚಲಮನೆಯ ಬಾಗಿಲಲ್ಲಿ ನಿಂತು ನೋಡಿಯೇ ಬರೆದಿರಬೇಕು. ಅದಕ್ಕಿಂತ ಹೆಚ್ಚಾಗಿ, ಎಣ್ಣೆ ತೀಡುವುದು, ಎರೆಯುವುದು, ಊಡುವುದು ಪೂಜೆಗೆ ಅಡ್ಡಿಯಲ್ಲ, ಅದೇ ಪೂಜೆಯೆಂದು ಒಂದು ಪುರಾಣವೇ ಒಪ್ಪಿಕೊಂಡಿದೆ. ಹೊತ್ತು ಸಿಗುವುದಿಲ್ಲವೆಂದು ಕೊರಗುವ ತಾಯಿಗೆ ಬೆಜ್ಜಮಹಾದೇವಿಯ ಕಥೆಯನ್ನು ಏಕೆ ಹೇಳಬಾರದು? ಶಿವನ ಊಟಕ್ಕಾಗಿ ಮಗನನ್ನೇ ಕೊಂದು ಬಡಿಸಿದ ಸಿರಿಯಾಳನ ಕಥೆಯನ್ನು ಪುರಾಣಿಕರು ಬಹಳ ರಸವತ್ತಾಗಿ ಹೇಳುತ್ತಾರೆ. ಆ ಕಥೆಯನ್ನು ಕೇಳುತ್ತ ಕುಳಿತ ಮಕ್ಕಳ ಮುಖವನ್ನು ನೋಡಿದವರಿಗೆ, ಎರಡು ಕಥೆಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕೆಂಬುದು ತಾನಾಗಿ ತಿಳಿಯುತ್ತದೆ.

ಕೋಳೂರು ಕೊಡಗೂಸಿನ ಕಥೆಯನ್ನೂ ಇಲ್ಲಿ ನೆನೆಯಬಹುದು. ಊರಿಗೆ ಹೋಗುವಾಗ ತಂದೆ, ಗುಡಿಯ ಶಿವನಿಗೆ ಹಾಲಿನ ನೈವೇದ್ಯ ಮಾಡೆಂದು ಚಿಕ್ಕ ಮಗಳಿಗೆ ಹೇಳಿ ಹೋಗುತ್ತಾನೆ. ಶಿವನು ಕುಡಿಯಲೇಬೇಕೆಂದು ಹಟ ಹಿಡಿದು, ಅತ್ತು, ತಲೆ ಚಚ್ಚಿಕೊಳ್ಳಹೊರಟು ಆಕೆ ಕುಡಿಸಿಯೇ ಬಿಡುತ್ತಾಳೆ. ಹಿಂದಿರುಗಿದ ತಂದೆಗೆ ಮಗಳ ಮಾತಿನಲ್ಲಿ ನಂಬಿಕೆಯಿಲ್ಲ. ಸುಳ್ಳು ಹೇಳುತ್ತೀಯೆಂದು ಗದರುತ್ತಾನೆ. ಕೊನೆಗೆ ಮಗು ಶಿವನಲ್ಲಿ ಅಡಗಿಹೋಗುತ್ತಾಳೆ. ತಂದೆಯ ಕೈಗೆ ಉಳಿದದ್ದು ಅವಳ ಕೂದಲು. ಮುಗ್ಧಭಕ್ತಿಯ ಮಹಿಮೆಯನ್ನು ಹೇಳುವ ಕಥೆಯೆಂಬುದೇನೋ ಸರಿ. ಮಗು ನಿಜವನ್ನು ಹೇಳಿದಾಗ ನಂಬದ ತಂದೆಯ ಕಥೆಯೂ ಅದೇ.

ಇಪ್ಪತ್ತನೆಯ ಶತಮಾನದಲ್ಲಿ ಒಂದು ವಿಚಿತ್ರ ತಿರುವು ಕಾಣುತ್ತದೆ. ಮನೆಯನ್ನು ತೊರೆದ ವಿರಕ್ತರೇ ಸಾವಿರಾರು ಮಕ್ಕಳ ಹೆತ್ತವರಾದರು. ಹಾನಗಲ್ಲ ಕುಮಾರ ಶಿವಯೋಗಿಗಳು 1909ರಲ್ಲಿ ಮಲಪ್ರಭೆಯ ದಡದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿ ಎಳೆಯ ವಟುಗಳನ್ನು ಸಾಕಿದರು. ಸಿದ್ಧಗಂಗೆಯಲ್ಲಿ ಉದ್ದಾನ ಶಿವಯೋಗಿಗಳು ಆರಂಭಿಸಿದ ವಿದ್ಯಾರ್ಥಿನಿಲಯವನ್ನು, 1941ರಲ್ಲಿ ಮಠದ ಹೊಣೆ ಹೊತ್ತ ಶಿವಕುಮಾರ ಮಹಾಸ್ವಾಮಿಗಳು 2019ರಲ್ಲಿ ಲಿಂಗೈಕ್ಯರಾಗುವವರೆಗೆ ಬೆಳೆಸಿದರು. ಸುಮಾರು ಹತ್ತು ಸಾವಿರ ಮಕ್ಕಳು ಏಕಕಾಲದಲ್ಲಿ ಅಲ್ಲಿ ಉಂಡು ಓದುವಂತಾಯಿತು. ಮಠದಲ್ಲಿ ಮಕ್ಕಳನ್ನು ಇಟ್ಟುಕೊಂಡವರಿಗೆ ಗೊತ್ತು: ರಾಗಿಯ ಲೆಕ್ಕ, ಸೌದೆಯ ಲೆಕ್ಕ, ಕಜ್ಜಿಯಾದ ಹುಡುಗನಿಗೆ ಔಷಧ, ರಾತ್ರಿ ತಾಯಿಯನ್ನು ನೆನೆದು ಬಿಕ್ಕುವ ಹೊಸ ಹುಡುಗನಿಗೆ ಸಮಾಧಾನ. ಪೂಜೆಗೆ ಕುಳಿತಾಗ ಬಾಗಿಲಾಚೆ ಜಗಳದ ಸದ್ದು ಕೇಳಿಸುವುದು ಗೃಹಿಣಿಗೆ ಮಾತ್ರವಲ್ಲ. ಸನ್ಯಾಸಿಯ ಸಂಸಾರವೆಂದು ಜನ ನಗೆಯಾಡುವುದುಂಟು, ನಗಲಿ, ತಪ್ಪಿಲ್ಲ.

ಗದುಗಿನ ವೀರೇಶ್ವರ ಪುಣ್ಯಾಶ್ರಮದ ಕಥೆ ಇನ್ನೂ ಬೇರೆ ಬಗೆಯದು. 1892ರಲ್ಲಿ ಜನಿಸಿದ ಪಂಚಾಕ್ಷರ ಗವಾಯಿಗಳು ಸ್ವತಃ ಅಂಧರು. ಕುಮಾರ ಶಿವಯೋಗಿಗಳ ಕೃಪೆಯಿಂದ ಸಂಗೀತ ಕಲಿತು, ಕಣ್ಣಿಲ್ಲದ ಮಕ್ಕಳಿಗೆ, ಬಡ ಮಕ್ಕಳಿಗೆ ಅನ್ನವಿಟ್ಟು ಸಂಗೀತ ಕಲಿಸಿದರು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಆ ಭಾರ ಪುಟ್ಟರಾಜ ಗವಾಯಿಗಳ ಹೆಗಲೇರಿತು. ಮಕ್ಕಳ ಹೊಟ್ಟೆ ಹೊರೆಯಲು ನಾಟಕದ ಕಂಪನಿಯನ್ನು ನಡೆಸಿ, ಅದರ ಗಳಿಕೆಯನ್ನು ಆಶ್ರಮಕ್ಕೆ ಸುರಿದರು. ಮಗುವಿಗೆ ಅನ್ನ ಕೊಟ್ಟರೆ ಸಾಲದು, ಒಂದು ಸಂತೋಷವನ್ನೂ ಕೊಡಬೇಕು ಎಂಬ ತಿಳಿವಳಿಕೆ ಆ ಮನೆಯಲ್ಲಿತ್ತು. 2010ರವರೆಗೆ ಬಾಳಿದ ಪುಟ್ಟರಾಜರ ಕೈಯಲ್ಲಿ ಎಷ್ಟು ಮಕ್ಕಳು ತಂಬೂರಿ, ತಬಲ, ಹಾರ್ಮೋನಿಯಂ ಹಿಡಿದರೋ!

ಸಂತೋಷದ ಮಾತು ಬಂದುದರಿಂದ ಮತ್ತೆ ಶರಣರ ಕಡೆಗೆ ತಿರುಗಬೇಕು. ಶರಣರು ಉಪವಾಸ, ದೇಹದಂಡನೆಗಳನ್ನು ಮೆಚ್ಚಿದವರಲ್ಲ. ಹರಿಹರನು ಬರೆದ ಕುಂಬಾರ ಗುಂಡಯ್ಯನ ರಗಳೆಯಲ್ಲಿ ಬಲ್ಲುಕೆಯ ಗುಂಡಯ್ಯ ಮಡಕೆಯನ್ನು ತಟ್ಟುತ್ತಾನೆ. ಆ ಸದ್ದಿನ ಲಯಕ್ಕೆ ಕೈಲಾಸದ ಶಿವನ ಕಾಲು ನಿಲ್ಲದೆ ಕುಣಿಯುತ್ತದೆ. ಶಿವನು ಕುಣಿಯುವುದನ್ನು ಕಂಡು ಗುಂಡಯ್ಯನೂ ಕುಣಿಯುತ್ತಾನೆ. ದುಡಿಯುವವನ ಕೈಯ ಲಯದಲ್ಲಿ ಒಂದು ಸುಖವಿದೆಯೆಂಬುದನ್ನು ಇದಕ್ಕಿಂತ ಸೊಗಸಾಗಿ ಹೇಳಿದ ಕಾವ್ಯವನ್ನು ನಾವು ಕಾಣೆವು. ಆ ಮಡಕೆಗೆ ಮಣ್ಣು ಹದಮಾಡಿದವಳು ಕೇತಲದೇವಿಯೇ ಇರಬೇಕು. ಹಡಪವೆಂದರೆ ಎಲೆಯಡಿಕೆಯ ಚೀಲ. ಅಪ್ಪಣ್ಣನ ಹೆಸರಿನೊಡನೆ ಅದು ಸೇರಿಕೊಂಡಿರುವುದನ್ನು ನೋಡಿದರೆ, ಮಹಾಮನೆಯಲ್ಲಿ ಊಟದ ನಂತರ ಒಂದು ವೀಳ್ಯದ ಬಿಡುವು ಇದ್ದಿತೆಂದು ತಿಳಿಯಬಹುದು. ಕದಿರೆ ರೆಮ್ಮವ್ವೆ ನೂಲುತ್ತ ಕುಳಿತು, ರಾಟೆಯ ಅಡಿಹಲಗೆ, ನಿಂತ ಬೊಂಬೆಗಳಲ್ಲಿ ಒಬ್ಬೊಬ್ಬ ದೇವರನ್ನು ಕಂಡಳು. ತನ್ನ ರಾಟೆಯ ಕುಲವನ್ನು ಕೇಳಿರೆಂದು ಸವಾಲು ಹಾಕುವ ಆ ದನಿಯಲ್ಲಿ ಆಯಾಸವಿಲ್ಲ, ತುಂಟತನವಿದೆ. ಭತ್ತ ಕುಟ್ಟುತ್ತಿದ್ದ ಕೊಟ್ಟಣದ ಸೋಮವ್ವೆಯದು ಇಂದು ಉಳಿದುಬಂದಿರುವುದು ಒಂದೇ ಒಂದು ವಚನ. ಕರ್ನಾಟಕ ಸರ್ಕಾರ 1993ರಲ್ಲಿ ಹದಿನೈದು ಸಂಪುಟಗಳಲ್ಲಿ ಪ್ರಕಟಿಸಿದ ಸಮಗ್ರ ವಚನಸಾಹಿತ್ಯದಲ್ಲಿ ಶರಣೆಯರಿಗಾಗಿಯೇ ಒಂದು ಸಂಪುಟವಿದೆ. ನಮ್ಮ ಭಕ್ತರ ಮನೆಗಳಲ್ಲಿ ಆ ಸಂಪುಟ ಇರಬೇಕು. ಇದ್ದರೆ ಅಟ್ಟದ ಮೇಲಲ್ಲ, ಕೈಗೆಟಕುವ ಎಡೆಯಲ್ಲಿರಬೇಕು.

ಓಲೆಗರಿಗೆ ಏರದೆ ಉಳಿದ ಮನೆಯ ಮಾತೆಲ್ಲ ಬೀಸುವ ಕಲ್ಲಿನ ಬಳಿ ಉಳಿದುಕೊಂಡಿತು. ಇಂದಿನ ವಿಜಯಪುರ ಜಿಲ್ಲೆಯ ಹಲಸಂಗಿಯ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ ಮೊದಲಾದ ಗೆಳೆಯರು ಹಳ್ಳಿಯ ಹೆಂಗಸರಿಂದ ತ್ರಿಪದಿಗಳನ್ನು ಕೇಳಿ ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಎಂದು ಪ್ರಕಟಿಸಿದರು. ಅದೇ ವಿಜಯಪುರದಲ್ಲಿ ಫ. ಗು. ಹಳಕಟ್ಟಿಯವರು ತಾಳೆಯೋಲೆಗಳಿಂದ ವಚನಗಳನ್ನು ಎತ್ತಿ ಅಚ್ಚು ಹಾಕಿಸುತ್ತಿದ್ದ ಕಾಲವದು. ಅವರ ವಚನಶಾಸ್ತ್ರಸಾರದ ಮೊದಲ ಭಾಗ 1923ರಲ್ಲಿ ಬಂದಿದ್ದಿತು. ಒಂದು ಕಡೆ ಓಲೆಗರಿ, ಮತ್ತೊಂದು ಕಡೆ ಬೀಸುವ ಕಲ್ಲು. ಓಲೆಗರಿಯಲ್ಲಿ ಕಾಣದ ಕೂಸು, ಅದರ ಅಳು, ತೊದಲು, ಅದರ ಅಂಗಾಲು ತೊಳೆಯುವ ತಾಯಿ, ತವರಿನ ದಾರಿ ನೋಡುವ ಸೊಸೆ, ಅಣ್ಣನ ಬರವು, ಜಾತ್ರೆಯ ಬಳೆ ಎಲ್ಲವೂ ಈ ಹಾಡುಗಳಲ್ಲಿವೆ. ಬೆಳಗಿನ ಜಾವ ಕಲ್ಲಿನ ಮುಂದೆ ಕುಳಿತವಳು ಶಿವನನ್ನೂ ಶರಣರನ್ನೂ ನೆನೆಯುತ್ತಾಳೆ, ಕಲ್ಲಿಗೆ ಕೈಮುಗಿಯುತ್ತಾಳೆ, ಆಮೇಲೆ ಕೂಸಿನ ಕಡೆಗೆ ತಿರುಗುತ್ತಾಳೆ. ಪೂಜೆ, ಕಾಯಕ, ಮಗು, ಹಾಡು ನಾಲ್ಕೂ ಒಂದೇ ಕುಳಿತದಲ್ಲಿ ನಡೆಯುತ್ತವೆ. ಹಿಟ್ಟಿನ ಗಿರಣಿ ಬಂದ ಮೇಲೆ ಆ ಹಾಡುಗಳು ಕಡಿಮೆಯಾದವು. ಇನ್ನೂ ಹಾಡಬಲ್ಲ ಅಜ್ಜಿಯರು ಕೆಲವು ಊರುಗಳಲ್ಲಿದ್ದಾರೆ. ನಮ್ಮ ಪತ್ರಿಕೆಯ ಓದುಗರಲ್ಲಿ ಯಾರ ಮನೆಯಲ್ಲಾದರೂ ಅಂಥವರಿದ್ದರೆ, ಅವರ ಬಾಯಿಂದ ಬರುವ ಶರಣರ ಹಾಡುಗಳನ್ನು, ವಿಶೇಷವಾಗಿ ತೊಟ್ಟಿಲ ಹಾಡುಗಳನ್ನು, ತಿದ್ದದೆ ಅವರು ಹಾಡಿದಂತೆಯೇ ಬರೆದು ಶ್ರೀಮಠಕ್ಕೆ ಕಳುಹಿಸಿಕೊಡಬೇಕು. ಹಾಡಿದವರ ಹೆಸರನ್ನೂ ಊರನ್ನೂ ಬರೆಯಲು ಮರೆಯಬಾರದು.